ಸವಳು ನೀರು ಕುಡಿದ ಗಾಡಿ

ಮೇಲಿನ ಓಣಿಯ ಶಂಕರೆಪ್ಪನಿಗೆ,

ಮೊದಲು ನೀನು ಕೊಟ್ಟ ಮಾತುಗಳನ್ನು ಬರೆಯುತ್ತೇನೆ. "ಗಾಡಿ ನಾವೆಲ್ಲ ಕೂಡಿ ಕಟ್ಟಿದ ಸಂಘದ್ದು, ಆರ್.ಸಿ. ಪುಸ್ತಕದಲ್ಲಿ ನನ್ನದು ಬರೀ ಹೆಸರು" ಅಂದಿದ್ದಿ. "ರಿಪೇರಿ ಬಂದರೆ ಅರ್ಧ ಖರ್ಚು ನನ್ನದು" ಅಂದಿದ್ದಿ. ಗಾಡಿ ಓಡಿಸುವ ನಮ್ಮಣ್ಣ ಹನುಮಪ್ಪನ ಕೈಯಿಂದ ಸ್ಟೇರಿಂಗು ಯಾರೂ ಕಸಿಯುವುದಿಲ್ಲ ಅಂದಿದ್ದಿ. ನಿಮ್ಮ ಓಣಿಯ ನಳದಲ್ಲಿ ನಮ್ಮ ಕೇರಿಯವರು ತಮ್ಮ ಕೈಯಾರೆ ಕೊಡ ತುಂಬುತ್ತಾರೆ, "ಅದಕ್ಕೆ ನಾನು ಜವಾಬ್ದಾರ" ಅಂದಿದ್ದಿ. ೧೯೯೪ರಲ್ಲಿ, ಬೈಲಹೊಂಗಲದ ಸಭೆಯಲ್ಲಿ, ಮೈಕಿನ ಮುಂದೆ. ಈಗ ೨೦೦೨. ನಾಲ್ಕೂ ಮಾತು ಸತ್ತವು. ಮೊನ್ನೆ ನಿನ್ನ ಆಳು ಸತ್ಯಪ್ಪ ಕೇರಿಯ ಬಾಯಿಗೆ ನಿಂತು ಕೂಗಿ ಹೇಳಿ ಹೋದ: "ನಿಮ್ಮವರಿಗಿ ಗಾಡಿ ಇಟ್ಕೊಳ್ಳಾಕ ಬರೂದಿಲ್ಲಂತ. ರೇಡಿಯೇಟರ್ ಕೆಡಿಸಿದಾಂವ ಹನುಮ್ಯಾ, ಪೂರಾ ಖರ್ಚು ಅವನ ಹಾಕ್ಲಿ. ಇಲ್ಲಾಂದ್ರ ಯುಗಾದಿಗಿ ಗಾಡಿ ಮಾರತಾರಂತ ಸಾಹುಕಾರ್ರು."

ಸಾಹುಕಾರ್ರು! ಕಿತ್ತೂರಿನಲ್ಲಿ ಸಂಘದ ಶಿಬಿರದಲ್ಲಿ ನನ್ನ ಬುತ್ತಿ ಕಸಿದು ರೊಟ್ಟಿ ತಿಂದ ಶಂಕ್ರ್ಯಾ ಎಲ್ಲಿ ಹೋದ? "ಲೇ ಅರ್ಜ್ಯಾ, ನಿಮ್ಮವ್ವನ ಕೈಯಾಗಿನ ರೊಟ್ಟಿ ತಿಂದ ಮ್ಯಾಲ ನಮ್ಮನಿ ಊಟ ರುಚಿ ಹತ್ತವಲ್ದಲೇ" ಅನ್ನುತ್ತಿದ್ದವ ಎಲ್ಲಿ? ಕಿತ್ತೂರಿನಲ್ಲಿ ಕ್ರಾಂತಿ, ಊರಿಗೆ ಬಂದ ಕೂಡಲೇ ಬಾಯಿಗೆ ಬೀಗ. ಆ ಶಂಕ್ರ್ಯಾನಿಗೆ ಈ ಪತ್ರ ಬರೆಯುತ್ತಿದ್ದೇನೆ. ಸಾಹುಕಾರನಿಗಾದರೆ ವಕೀಲನ ನೋಟೀಸು ಸಾಕಿತ್ತು.

ಹಳೇ ವ್ಯಾನು ಊರಿಗೆ ತಂದ ದಿನ ನೆನಪಿದೆಯೇ? ಎಂಟು ಮಂದಿ ಕೂಡುವ ಗಾಡಿಯಲ್ಲಿ ಹದಿನಾಲ್ಕು ಮಂದಿ ಹತ್ತಿದ್ದೆವು. ನಮ್ಮವ್ವ ಕಾಡವ್ವನ ಕೈ ಹಿಡಿದು ಮುಂದಿನ ಸೀಟಿನಲ್ಲಿ ಕೂಡ್ರಿಸಿದವ ನೀನು. "ಅವ್ವಾ, ಇದು ನಿನ್ನ ಸೀಟು, ಯಾರು ಏಳಂದ್ರೂ ಏಳಬ್ಯಾಡ" ಅಂದು, ನೀನು ಹಿಂದೆ ಬದನೆಕಾಯಿ ಬುಟ್ಟಿಗಳ ನಡುವೆ ಮುದುಡಿ ಕೂತಿದ್ದಿ. ಅವ್ವ ಎರಡು ಆಡು ಮಾರಿದ ದುಡ್ಡು ಆ ಗಾಡಿಯಲ್ಲಿತ್ತು. ಆದರೆ ಅವಳು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ್ದು ಆಡಿನ ಸುದ್ದಿಯನ್ನಲ್ಲ, ಸೀಟಿನ ಸುದ್ದಿಯನ್ನು. ಆರ್.ಸಿ. ಪುಸ್ತಕಕ್ಕೆ ನಿನ್ನ ಹೆಸರು ಹಾಕಿದಾಗ ನಮ್ಮಲ್ಲಿ ಒಬ್ಬನೂ ಬೇಡ ಅನ್ನಲಿಲ್ಲ. ನಿನ್ನ ಹೆಸರಿದ್ದರೆ ದಾರಿಯಲ್ಲಿ ಯಾರೂ ತಡೆಯುವುದಿಲ್ಲ ಅಂದುಕೊಂಡೆವು. ತಪ್ಪು ಅಂತ ಯಾವುದನ್ನಾದರೂ ಹೇಳಬೇಕಾದರೆ ಅದು ನಮ್ಮ ತಪ್ಪು. ನಮ್ಮ ಬೆವರಿನ ಗಾಡಿಗೆ ನಿಮ್ಮ ಹೆಸರಿನ ಆಸರೆ ಬೇಡಿದೆವು.

ಅಂದಿನಿಂದ ಹನುಮಪ್ಪ ದಿನಾ ಎರಡು ಸಲ ಸವದತ್ತಿಗೆ ಗಾಡಿ ಹೊಡೆದ. ಕಾಯಿಪಲ್ಲೆ ಮಾರುವ ಹೆಂಗಸರು, ದವಾಖಾನೆಗೆ ಹೋಗುವ ಬಸುರಿಯರು, ರಾಮದುರ್ಗದ ಕಡೆ ಸಭೆಯಿದ್ದರೆ ನಾವು, ಮಂಗಳವಾರ ಶುಕ್ರವಾರ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರು. ಅವನ ಮನೆಯ ಆರು ಹೊಟ್ಟೆ ತುಂಬಿದ್ದು ಅದರಿಂದ. ಆದರೆ ಗಾಡಿಗೆ ಬರೀ ಎಣ್ಣೆ ಸಾಲದು, ನೀರೂ ಬೇಕು. ನಮ್ಮ ಕೇರಿಯ ನೀರು, ಮೊದಲಿನ ಬಾವಿಯದಿರಲಿ ಈಗಿನ ಬೋರಿನದಿರಲಿ, ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಹಂಡೆಯೊಳಗೆ ಬಿಳೀ ಪೊರೆ ಕಟ್ಟುತ್ತದೆ. ಸಿಹಿನೀರಿನ ನಳ ಇರುವುದು ನಿನ್ನ ಮನೆಯ ಮುಂದೆ. ಹಾಕಿಸಿದ್ದು ನಿಮ್ಮಪ್ಪನಲ್ಲ, ಸರಕಾರ. "ಒಂದ ತಿಂಗಳ ತಡೀರಿ, ಹಿರ್‍ಯಾರಿಗಿ ತಿಳಿಸಿ ಹೇಳತೇನಿ" ಅಂದಿದ್ದಿ. ಆ ತಿಂಗಳು ಇನ್ನೂ ಮುಗಿದಿಲ್ಲ.

ನನಗೇನೂ ಗೊತ್ತಿರಲಿಲ್ಲ ಅಂತ ಮಾತ್ರ ಹೇಳಬೇಡ. ಮೊದಲ ವರ್ಷವೇ ಗಾಡಿ ಏರಿನಲ್ಲಿ ಕುದಿಯತೊಡಗಿತ್ತು. ಆಗ ನಿನ್ನ ಮಗನ ಜಾವಳದ ಕೂದಲು ತೆಗೆಸಲು ನಿಮ್ಮ ಮನೆಮಂದಿಯೆಲ್ಲ ಅದೇ ಗಾಡಿಯಲ್ಲಿ ಗುಡ್ಡಕ್ಕೆ ಹೊರಟಿರಿ. ನೀನೇ ನಿಮ್ಮ ನಳದ ನೀರು ತಂದು ರೇಡಿಯೇಟರಿಗೆ ತುಂಬಿ, ಹನುಮಪ್ಪನ ಬೆನ್ನು ತಟ್ಟಿ ಅಂದಿದ್ದಿ: "ಇವತ್ತ ನಮ್ಮನಿ ನೀರ ಐತಿ ಹನುಮಪ್ಪಾ, ಉಗರಗೋಳದ ಏರ ಹತ್ತಿದ್ರೂ ಕುದಿಯೂದಿಲ್ಲ ನೋಡು." ಕುದಿಯಲಿಲ್ಲ. ನಿನ್ನ ಕೂಸು ತಣ್ಣಗೆ ಹೋಗಿ ತಣ್ಣಗೆ ಬಂತು.

ಮರುದಿನ ಹನುಮಪ್ಪ ಕ್ಯಾನು ಹಿಡಿದು ನಳಕ್ಕೆ ಬಂದ. ನಿಮ್ಮವ್ವ ದೇವಕ್ಕ ಅಂದಳು: "ಗಾಡಿಗಿ ಅಂದ್ರ ಕೊಡೂಣು, ಇಲ್ಲನ್ನೂದಿಲ್ಲ. ಕ್ಯಾನ್ ಕೆಳಗಿಟ್ಟು ದೂರ ಸರಿ. ನಳ ಮುಟ್ಟಬ್ಯಾಡ." ನೀನು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದಿ. ಆ ಪೇಪರು ನಿನ್ನ ಮುಖದಿಂದ ಕೆಳಗಿಳಿಯಲಿಲ್ಲ. ತಗಡಿನ ಗಾಡಿ ನಿಮ್ಮ ನೀರು ಕುಡಿಯಬಹುದು, ಅದನ್ನು ಓಡಿಸುವ ಮನುಷ್ಯ ನಳ ಮುಟ್ಟಬಾರದು! ಹನುಮಪ್ಪ ಖಾಲಿ ಕ್ಯಾನು ಎತ್ತಿಕೊಂಡು ವಾಪಸು ಬಂದ. ಆಮೇಲೂ ಗಾಡಿಗೆ ಸವಳೇ ಗತಿಯಾಯಿತು.

ಕಳೆದ ಮಂಗಳವಾರ ಅದೇ ಏರಿನಲ್ಲಿ ಗಾಡಿ ಬುಸ್ಸೆಂದಿತು. ಉಗಿ ಕಂಡು ಒಳಗಿದ್ದ ಹೆಂಗಸರು ಚೀರಿದರು. ಗಡಿಬಿಡಿಯಲ್ಲಿ ಮುಚ್ಚಳ ತಿರುವಿದ ಹನುಮಪ್ಪನ ಮುಂಗೈ ಸುಟ್ಟು ತೊಗಲು ಕಿತ್ತು ಬಂತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿಯನ್ನು ಊರಿಗೆ ಎಳೆತಂದೆವು. ರೇಡಿಯೇಟರ್ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಒಯ್ದೆವು. ಮೇಸ್ತ್ರಿ ರಾಯಪ್ಪ ಅದರ ತಲೆ ಬಿಚ್ಚಿ ತೋರಿಸಿದ. ಒಳಗಿನ ಸಣ್ಣ ಕೊಳವೆಗಳೆಲ್ಲ ಸುಣ್ಣ ಮೆತ್ತಿದ ಹಾಗೆ ಕಟ್ಟಿಕೊಂಡಿದ್ದವು. "ಡ್ರೈವರಂದ ಏನೂ ತಪ್ಪಿಲ್ರಿ, ತಪ್ಪು ನೀರಿಂದು" ಅಂದ. "ಹೊಸಾದು ಹಾಕಿದ್ರ ಆರು ಸಾವಿರಕ್ಕ ಕಡಿಮಿಲ್ಲ. ಇದನ್ನ ಕೆರದು ಬೆಸದು ಕೊಟ್ರ ಹದಿನೆಂಟನೂರು. ಮತ್ತ ಅದ ನೀರ ಹಾಕತೀರಂದ್ರ ನನ್ನ ಕಡೆ ತರಬ್ಯಾಡ್ರಿ, ಸೀದಾ ಗುಜರಿಗಿ ಒಯ್ರಿ."

ಅವನು ಕೆರೆದು ತೆಗೆದ ಬಿಳೀ ಹಕ್ಕಳೆಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದೆ. ಒಂದು ಚಿಟಿಕೆ ಈ ಪತ್ರದ ಜೊತೆ ಇಟ್ಟಿದ್ದೇನೆ. ಕೈಯಲ್ಲಿ ಹಿಡಿದು ನೋಡು. ಅದು ನಿಮ್ಮವ್ವ ಅಂದ "ದೂರ ಸರಿ." ಅದು ನೀನು ಕೆಳಗಿಳಿಸದ ಪೇಪರು. ಎಂಟು ವರ್ಷ ಕುದಿಕುದಿದು ಕಲ್ಲಾಗಿದೆ. ಅದನ್ನು ಹನುಮಪ್ಪನ ತಲೆಗೆ ಕಟ್ಟಲು ಬಂದೆಯಲ್ಲ, ನಾಚಿಕೆಯಾಗಲಿಲ್ಲವೇನೋ ನಿನಗೆ?

ಅವ್ವನಿಗೂ ತೋರಿಸಿದೆ. ಬೆರಳಲ್ಲಿ ಪುಡಿ ಮಾಡಿ ನೋಡಿ ನಕ್ಕಳು. "ಕಬ್ಬಿಣದ ಗಾಡಿ ಎಂಟ ವರ್ಷಕ್ಕ ಸತ್ತತು. ನಾ ಅರವತ್ತ ವರ್ಷ ಕುಡದೇನಿ. ನನ್ನ ಬಿಚ್ಚಿ ನೋಡೂ ಮೇಸ್ತ್ರಿ ಯಾರರ ಅದಾರೇನೋ ತಮ್ಮಾ?" ಆ ಪ್ರಶ್ನೆಯನ್ನೂ ಈ ಪತ್ರದಲ್ಲಿಟ್ಟು ಕಳಿಸುತ್ತಿದ್ದೇನೆ ಶಂಕರೆಪ್ಪಾ. ಮೈಕಿನ ಮುಂದೆ ಮಾತು ಕೊಟ್ಟವ ನೀನು. ಉತ್ತರ ನಿನ್ನದು.

ನಿನ್ನ ಅರ್ಧ ಖರ್ಚು ಇನ್ನು ಬೇಡ. ಕೇರಿಯ ಹೆಂಗಸರೇ ಕೂಡಿಸಿ ಕೊಟ್ಟರು, ರಾಯಪ್ಪ ಬೆಸೆದ, ನಿನ್ನೆ ರೇಡಿಯೇಟರ್ ಗಾಡಿಗೆ ಕೂಡ್ರಿಸಿದೆವು. ಆದರೆ ಒಳಗೆ ಒಂದು ಹನಿ ನೀರು ಹಾಕಿಲ್ಲ. ಹಾಕುವುದಿಲ್ಲ. ಒಣಗಿದ ಗಾಡಿಯನ್ನು ಕೇರಿಯಿಂದ ನಿನ್ನ ಮನೆಯ ಮುಂದಿನ ನಳದ ತನಕ ತಳ್ಳಿಕೊಂಡು ಬರುತ್ತೇವೆ. ಅವ್ವ ತನ್ನ ಸೀಟಿನಲ್ಲಿ ಕೂತಿರುತ್ತಾಳೆ, ತೊಡೆಯ ಮೇಲೆ ಖಾಲಿ ಕೊಡ. ಪಟ್ಟಿ ಕಟ್ಟಿದ ಕೈಯಿಂದಲೇ ಹನುಮಪ್ಪ ನಳ ತಿರುವುತ್ತಾನೆ. ಮೊದಲ ಕೊಡ ಗಾಡಿಗೆ, ಎರಡನೆಯದು ಅವ್ವನಿಗೆ, ಆಮೇಲೆ ಸಾಲಾಗಿ ಕೇರಿಯ ಎಲ್ಲ ಕೊಡಗಳಿಗೆ. ಯಾರು ಅಡ್ಡ ಬಂದರೂ ಗಾಡಿ ಹಿಂದಕ್ಕೆ ಹೊರಳುವುದಿಲ್ಲ. ರಿವರ್ಸ್ ಹಾಕಲು ಎಂಜಿನ್ನೇ ಚಾಲೂ ಇರುವುದಿಲ್ಲ.

ನೀನು ನೀರು ಹೊತ್ತು ಕೊಡಬೇಡ, ಮೇಲಿಂದ ಸುರಿಯಬೇಡ, ಭಾಷಣವಂತೂ ಬೇಡವೇ ಬೇಡ. ಕೇರಿ ದಾಟಿದ ಮೇಲೆ ನಿಮ್ಮ ಓಣಿಗೆ ಒಂದು ಸಣ್ಣ ಏರಿದೆ, ನಿನಗೆ ಗೊತ್ತು. ಅಲ್ಲಿ ಒಂದು ಹೆಗಲು ಕಡಿಮೆ ಬೀಳುತ್ತದೆ. ಬಂದು ಹಿಂದೆ ಕೈ ಹಚ್ಚು. ಆರ್.ಸಿ. ಪುಸ್ತಕ ಕಿಸೆಯಲ್ಲಿರಲಿ, ಹೆಸರು ಬದಲಿಸುವ ಅರ್ಜಿ ನಾನು ತರುತ್ತೇನೆ, ಸಹಿ ಮಾಡು. ಇಲ್ಲವಾದರೆ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿರು. ನಿನ್ನ ಮಗ ಅಲ್ಲೇ ಇರುತ್ತಾನೆ, ನೋಡುತ್ತಾನೆ. ಆ ಕೂಸು ತಣ್ಣಗೆ ಬಾಳಲಿ. ಮಾತು ಕೊಟ್ಟರೆ ನಡೆಸುವವನಾಗಿ ಬೆಳೆಯಲಿ. ಸಿಟ್ಟಿನಲ್ಲೂ ಇದನ್ನು ಮನಸಾರೆ ಹರಸುತ್ತೇನೆ.

ಒಂದೇ ಬುತ್ತಿ ಉಂಡವ,
ಕಾಡವ್ವನ ಮಗ ಅರ್ಜುನ

ಬರುವ ಸೋಮವಾರ, ನಳ ಬಿಡುವ ಹೊತ್ತು. ಬೆಳಗ್ಗೆ ಏಳು ಗಂಟೆ.