ನೀನು ಬರೆದ ರೆಪ್ಪೆಗೂದಲು

ಚೌಕಟ್ಟಿನೊಳಗೆ ಗಂಧದ ಹಾರ ಹಾಕಿಕೊಂಡು ಕೂತಿರುವ ಸೋದರಮಾವನಿಗೆ,

ಮೂರು ಲೋಕಕ್ಕೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಅಕ್ಕನ ಮಗಳು, ನನ್ನ ತಂಗಿ ರತ್ನಳ ಎಡಗಣ್ಣಿನ ಕೆಳರೆಪ್ಪೆಯಲ್ಲಿ ಏಳು ಕೂದಲು ಹುಟ್ಟಿವೆ. ಭೂತಗನ್ನಡಿ ಹಿಡಿದು ಎಣಿಸಿದವನು ನಾನೇ. ಎಂಟನೆಯದರ ಬಗ್ಗೆ ಅವ್ವನಿಗೂ ನನಗೂ ಭಿನ್ನಾಭಿಪ್ರಾಯವಿದೆ. ಮಾವ, ಇವು ನೀನು ಕುಂಚದಲ್ಲಿ ಬರೆದವಲ್ಲ.

ಗುಂಡ್ಲುಪೇಟೆಯ ನಿನ್ನ ಸ್ಟುಡಿಯೋದಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ ದಿನ ನೆನಪಿದೆಯಾ? ಆಗಲೇ ರೆಪ್ಪೆಯಂಚು ಕೆಂಪಾಗಿ ಹೊಟ್ಟೆದ್ದು, ಕೂದಲು ಉದುರಿತ್ತು. ನೀನು ಎರಡು ಸಲ ಕ್ಲಿಕ್ಕಿಸಿದೆ. "ಒಂದ್ ನಮ್ಗೆ, ಒಂದ್ ಗಂಡಿನ್ ಮನೇಗೆ ಕಣ್ಲಾ" ಅಂದೆ. ಎರಡನೆಯ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಕಲೆ ಅಳಿಸಿದೆ, ಪ್ರಿಂಟಿನ ಮೇಲೆ ಒಂದೊಂದೇ ರೆಪ್ಪೆಗೂದಲು ನೆಟ್ಟೆ.

ಅದನ್ನು ಗಂಡಿನ ಊರು ಚಂದಕವಾಡಿಗೆ ಹೊತ್ತವನು ನಾನು. ಹೆಣ್ಣು ನೋಡಲು ಚಾಮರಾಜನಗರದ ನಮ್ಮ ಮನೆಗೆ ಬಂದ ಗಂಡಿನ ದೊಡ್ಡಮ್ಮ, ರತ್ನ ಕೊಟ್ಟ ಕಾಫಿ ಲೋಟ ಹಿಡಿದೇ ಕೇಳಿದಳು: "ಪೋಟದಲ್ಲಿದ್ದ ಉಡ್ಗಿ ಎಲ್ಲವ್ವಾ?" ಕಾಫಿ ಮುಟ್ಟಲಿಲ್ಲ. ಲೋಟ ಹಿಡಿದ ಕೈಯನ್ನು ನಮ್ಮ ಬಚ್ಚಲಲ್ಲೇ ತೊಳೆದಳು, ಹೊಸ ಸೋಪು ಇದೆಯಾ ಎಂದು ಕೇಳಿ. ತಂದುಕೊಟ್ಟವಳು ರತ್ನ.

ಅದಕ್ಕಿಂತ ಅಸಹ್ಯವಾದದ್ದನ್ನು ನೀನು ನೋಡಲಿಲ್ಲ, ಅಷ್ಟರಲ್ಲಿ ಚೌಕಟ್ಟು ಸೇರಿದ್ದೆ. ಮೈಸೂರಿನ ಚರ್ಮದ ಡಾಕ್ಟರು ಇದು ಎಷ್ಟು ದಿನದಿಂದ ಎಂದು ಕೇಳಿದರೆ, ಅವ್ವ ಬೀಗರೆದುರು ಕೂತವಳ ಹಾಗೆ, "ಓದ್ ತಿಂಗ್ಳಿಂದ ಕಣಪ್ಪಾ" ಎಂದು ಸಾಕ್ಷಿಗೆ ನಿನ್ನ ಫೋಟೋ ಮುಂದಿಟ್ಟಳು. ಅದರಲ್ಲಿ ಸೊಂಪಾದ ರೆಪ್ಪೆ! ಹಾಗಾದರೆ ಹೊಸದು ಎಂದು ಅವರು ಮುಲಾಮು ಬರೆದರು. ಊರವರ ಬಾಯಿಗೆ ಹೆದರುವವರನ್ನು ಪತ್ರಿಕೆಯಲ್ಲಿ ಲೇವಡಿ ಮಾಡಿ ಬರೆಯುವ ನಾನು? ಫೋಟೋದಷ್ಟೇ ಗಂಭೀರವಾಗಿ ಕೂತಿದ್ದೆ. ಎರಡು ತಿಂಗಳಲ್ಲಿ ರೆಪ್ಪೆಯಂಚು ಹುಣ್ಣಾಗಿ, ಅವಳಿಗೆ ಕಣ್ಣು ಮುಚ್ಚಿದರೆ ಉರಿ, ತೆರೆದರೆ ಉರಿ.

ಕೊನೆಗೆ ನಿನ್ನ ಸ್ಟುಡಿಯೋದ ಮೇಲಿನ ಡ್ರಾಯರಿನಲ್ಲಿ, 'ನಮ್ಗೆ' ಎಂದು ಬರೆದು ತಾರೀಕು ಹಾಕಿದ ಕವರಿನೊಳಗೆ, ಪೆನ್ಸಿಲ್ ಮುಟ್ಟದ ಮೊದಲ ನೆಗೆಟಿವ್ ಸಿಕ್ಕಿತು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಮೂರು ವರ್ಷದ್ದು. ಇದನ್ನ ಮೊದಲೇ ತಂದಿದ್ದರೆ..." ಎಂದರು. ಸಾಸಿವೆಯಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಲೂಪಸ್ ಅಂತೆ. ಮೈ ತನ್ನ ಚರ್ಮವನ್ನೇ ಶತ್ರು ಅಂದುಕೊಳ್ಳುವ ಕಾಯಿಲೆ. ಕುಷ್ಠವಲ್ಲ, ಯಾರಿಗೂ ಅಂಟುವುದಿಲ್ಲ. ಬಿಸಿಲಿಗೆ ಕೊಡೆ, ಆಗಾಗ ಕಣ್ಣಿನ ತಪಾಸಣೆ, ಮಲೇರಿಯಾಕ್ಕೆ ಕೊಡುವ ಮಾತ್ರೆ. ಮಲೇರಿಯಾ ಎಂದು ಕಿವಿಗೆ ಬಿದ್ದದ್ದೇ ಅವ್ವ ಒಂದು ಸೊಳ್ಳೆಪರದೆಯನ್ನೂ ಕೊಂಡಳು.

ಗಾಯ ಒಣಗಿದೆ. ಕಲೆಗಟ್ಟಿದ ಕಡೆ ಕೂದಲು ಇನ್ನು ಬರುವುದಿಲ್ಲ. ರತ್ನ ಹೊಸ ಫೋಟೋ ತೆಗೆಸಿದ್ದಾಳೆ, ಏಳೇ ಕೂದಲಿನದು. ಅದಕ್ಕೆ ಯಾರೂ ಪೆನ್ಸಿಲ್, ಕುಂಚ ಮುಟ್ಟಿಸಕೂಡದೆಂದು ಅಪ್ಪಣೆಯಾಗಿದೆ.

ಈಗ ಹರದನಹಳ್ಳಿಯ ಒಬ್ಬ ಹೆಂಗಸು ಬಂದಿದ್ದಾಳೆ. ಕೆನ್ನೆಯ ಕಲೆ ಯಾವಾಗಿನದು ಎಂದು ಡಾಕ್ಟರು ಕೇಳಿದ್ದಾರಂತೆ. ಅವಳ ಮದುವೆ ಫೋಟೋ ತೆಗೆದವನೂ ನೀನೇ, ಕೆನ್ನೆ ಹಾಲಿನಂತಿದೆ. ಅವಳ 'ನಮ್ಗೆ' ಕವರು ಕೆಳಗಿನ ಡ್ರಾಯರಿನಲ್ಲಿರಬೇಕು, ಅದಕ್ಕೆ ಬೀಗ ಬಿದ್ದಿದೆ. ಕೀಲಿ ಎಲ್ಲಿಟ್ಟಿದ್ದೀಯ ಮಾವ? ಕನಸಿನಲ್ಲಿ ಬಂದು ಒಂದು ಮಾತು ಹೇಳಿಹೋಗು. ಮಧ್ಯಾಹ್ನ ಊಟವಾದ ಮೇಲೆ ಮಲಗಿರುತ್ತೇನೆ.