ನಲವತ್ತೊಂದನೆಯ ಪುಟದ ಎಮ್ಮೆ

ಮೆಟ್ರಿ
22-2-1984

ಮಗಳು ಜಂಬಮ್ಮನಿಗೆ,

ದೋಣಿಮಲೈ ಕ್ವಾರ್ಟರ್ಸಿನಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ಓದಿ ಹೇಳಿದ ಕಥೆಗಳ ಪುಣ್ಯದಿಂದ ಐರ್ಲೆಂಡ್ ದೇಶದ ರಾಜಧಾನಿಯಲ್ಲಿ ನಿನ್ನ ಚಿಕ್ಕಪ್ಪನಿಗೆ ಗೊತ್ತಿಲ್ಲದ ಗಲ್ಲಿ ಒಂದೂ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಅಲ್ಲಿಯ ಕಾಲುವೆಯಲ್ಲಿ ಕಾಲು ತೊಳೆದು ಬಂದೇನು. ಅಂಥವನು ಮೂರು ತಿಂಗಳಿಂದ ಕಾಗದ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಒಂದು ಬೇಟೆಯಲ್ಲಿದ್ದೆ.

ನಿನಗೆ ನೆನಪಿರಬೇಕು. ಬಿ.ಎ. ಎರಡನೆಯ ವರ್ಷ ನಿನ್ನ ಲೆಕ್ಚರರ್ ಉಚ್ಚೆಂಗಪ್ಪ ಆ ಪಟ್ಟಣದ ಇಂಗ್ಲಿಷ್ ಕಥೆಗಳನ್ನು ಕೊಟ್ಟು, ನಮ್ಮ ಕಡೆಯ ಹುಡುಗರಿಗೆ ತಿಳಿಯುವಂತೆ ಪುಟದ ಅಡಿಗೆ ಟಿಪ್ಪಣಿ ಬರೆ ಎಂದಿದ್ದ. ನೀನು ನಮ್ಮ ಕಟ್ಟೆಯ ಮೇಲೆ ಕುಳಿತು ಬರೆದೆ, ನನಗೆ ಕನ್ನಡದಲ್ಲಿ ಹೇಳಿದೆ. ಕಾಲುವೆ ಬಂದ ಕಡೆ, "ನಮ್ಮ ಮೆಟ್ರಿಯ ಕಾಲುವೆಯಂಥದು, ಅದರಲ್ಲಿ ನನ್ನ ಚಿಕ್ಕಪ್ಪನ ಒಂಟಿ ಕೊಂಬಿನ ಎಮ್ಮೆ ಬಿದ್ದಿತ್ತು" ಎಂದು ಸೇರಿಸಿದೆ. ನಮ್ಮ ಎಮ್ಮೆ ಬಿದ್ದದ್ದು ಊರಿಗೆಲ್ಲ ಯಾಕೆ ಗೊತ್ತಾಗಬೇಕೆಂದು ನಾನು ಜಗಳವಾಡಿದ್ದೆ. ನೀನು ಅಳಿಸಲಿಲ್ಲ. ಒಳ್ಳೆಯದಾಯಿತು.

ದೀಪಾವಳಿ ಹೊತ್ತಿಗೆ ಪುಸ್ತಕ ಅಚ್ಚಾಗಿ ಬಂತು. ರೈಸ್‌ಮಿಲ್ಲಿನ ಗುಮಾಸ್ತ ಮರುಳಸಿದ್ದಪ್ಪ ಹಿಂದೆ ಮುಂದೆ ತಿರುವಿ, "ಜಡೆಪ್ಪಣ್ಣ, ಟಿಪ್ಪಣಿ ಎಲ್ಲಾ ಉಚ್ಚೆಂಗಪ್ಪಂದು ಅಂತ ಐತಿ. ನಮ್ಮ ಜಂಬಮ್ಮನ ಹೆಸರು ಎಲ್ಲೂ ಇಲ್ಲ" ಎಂದ.

"ಎಮ್ಮಿ ಐತೇನು ನೋಡಲೇ."

"ಐತಿ. ನಲವತ್ತೊಂದನೇ ಪುಟ."

ಪುಣ್ಯಾತ್ಮ ಓದದೆಯೇ ಅಚ್ಚಿಗೆ ಕೊಟ್ಟಿದ್ದ! ಇವನನ್ನು ನಾಲ್ಕು ಜನರ ಮುಂದೆಯೇ ಹಿಡಿಯಬೇಕೆಂದು ಹಲ್ಲು ಕಚ್ಚಿ ಕಾದೆ.

ಈ ತಿಂಗಳ ಮೊದಲ ಭಾನುವಾರ ಹೊಸಪೇಟೆಯಲ್ಲಿ ಆ ಪುಸ್ತಕಕ್ಕೆಂದು ಅವನಿಗೆ ಸನ್ಮಾನ. ಕೊರಳಿಗೆ ಹಾರ ಬೀಳುವವರೆಗೆ ತಡೆದು, ಎದ್ದು ನಿಂತೆ.

"ಸರ್, ನಲವತ್ತೊಂದನೇ ಪುಟದ ಟಿಪ್ಪಣಿ ಕನ್ನಡದಾಗ ಹೇಳ್ರಿ."

"ಯಾರಪ್ಪ ನೀನು? ಕುಂದ್ರು" ಎಂದ, ಗುರುತಿದ್ದೂ ಇಲ್ಲದವನ ಹಾಗೆ.

"ಹೇಳ್ರಿ ಸರ್, ನಾವೂ ಒಂದೀಟು ಕಲಿಯೋಣು."

ಜನ ನಕ್ಕರು. ಅವನು ಪುಸ್ತಕ ತೆರೆದು ಹೇಳುತ್ತ ಹೋದ. "ನನ್ನ ಚಿಕ್ಕಪ್ಪನ ಒಂಟಿ ಕೊಂಬಿನ ಎಮ್ಮೆ" ಎಂದವನು ಪುಸ್ತಕ ಮುಚ್ಚಿದ.

"ಆ ಚಿಕ್ಕಪ್ಪ ನಾನ ರೀ. ನೀವ್ಯಾವಾಗ ನಮ್ಮಣ್ಣನ ಮಗ ಆದ್ರಿ? ಎಮ್ಮೀನೂ ಬಂದೈತಿ, ಹೊರಗ ಟ್ರ್ಯಾಕ್ಟರ್ ಟ್ರಾಲಿಯಾಗ. ನಿಮ್ಮ ಗುರುತು ಹಿಡೀತೈತೇನೋ ನೋಡೋಣು ಬರ್ರಿ!"

ಸಭೆಗೆ ಸಭೆಯೇ ಹೊರಗೆ ಬಂದು ಒಂಟಿ ಕೊಂಬು ನೋಡಿತು. ಅವನು ಹಾರ ತೆಗೆಯುವುದನ್ನೂ ಮರೆತು ಹಿಂಬಾಗಿಲಿನಿಂದ ಹೋದ. ಈಗ ಅವನು ಕ್ಲಾಸಿಗೆ ಬಂದರೆ ಹುಡುಗರು ಹಿಂದಿನ ಬೆಂಚಿನಿಂದ ಎಮ್ಮೆಯ ಹಾಗೆ ಕೂಗುತ್ತಾರಂತೆ. ಉಳಿದ ಪ್ರತಿಗಳಿಗೆಲ್ಲ ನಿನ್ನ ಹೆಸರಿನ ಚೀಟಿ ಅಂಟಿಸುತ್ತೇನೆಂದು ಪ್ರಿನ್ಸಿಪಾಲರ ಎದುರು ಬರೆದುಕೊಟ್ಟಿದ್ದಾನೆ. ಮೊದಲನೆಯ ಪ್ರತಿ ಇದರ ಜೊತೆಗಿದೆ. ಆದರೂ ನನ್ನ ಹೊಟ್ಟೆಯ ಉರಿ ಆರಿಲ್ಲ.

ನಿನ್ನ ಮನೆ ತಂಪಾಗಿರಲಿ, ನಿನ್ನ ಕೈ ಬರೆಯುವುದನ್ನು ಮರೆಯದಿರಲಿ.

ನಿನ್ನ ಚಿಕ್ಕಪ್ಪ,
ಜಡೆಪ್ಪ

ಇನ್ನೊಂದು ಮಾತು. ನಿನ್ನ ಹೆಸರು ಹಾಕಿಸುತ್ತೇನೆಂದು ಹೇಳಿ ಉಚ್ಚೆಂಗಪ್ಪ ಅಚ್ಚಿನ ಖರ್ಚಿಗೆ ನನ್ನಿಂದ ಹಣ ಪಡೆದಿದ್ದ. ಐದು ಸಾವಿರ ಹೋಯಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಸುಳ್ಳು. ನಿನ್ನ ಕೊನೆಯ ವರ್ಷದ ಫೀಸಿಗೆ, ಹಾಸ್ಟೆಲ್ಲಿಗೆ ಎಂದು ನಿಮ್ಮಪ್ಪ ಸಾಯುವ ಮುಂಚೆ ನನ್ನ ಕೈಗಿಟ್ಟಿದ್ದನಲ್ಲ, ಅದನ್ನೇ ಕೊಟ್ಟೆ. ಬಸ್ಸಿನಲ್ಲಿ ಕಳುವಾಯಿತೆಂದು ನಿನಗೆ ಹೇಳಿ ಕಾಲೇಜು ಬಿಡಿಸಿದೆ. ಭತ್ತ ಬಂದಾಗ ತುಂಬಿಕೊಡಬಹುದಿತ್ತು. ಟ್ರ್ಯಾಕ್ಟರಿಗೆ ಮುಂಗಡ ಕಟ್ಟಿದೆ. ಅವನನ್ನು ಸಭೆಯಲ್ಲಿ ನಿಲ್ಲಿಸಿ ಕೇಳಲು ನಾನಿದ್ದೆ. ನನ್ನನ್ನು ಕೇಳಬೇಕಾದವಳು ನೀನೊಬ್ಬಳೇ. ಹೋದದ್ದು ಆರುನೂರ ನಲವತ್ತು ರೂಪಾಯಿ.