ಕೊಡದ ಎಚ್ಚರಿಕೆಗೆ ನಾನು ಸಹಿ ಹಾಕುವುದಿಲ್ಲ

ಪ್ರವಾಸ ಅಭಿವೃದ್ಧಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಮಂಗಳವಾರ ನಿಮ್ಮ ಕಚೇರಿಯ ಗುಮಾಸ್ತರು ನನ್ನ ಲಾಡ್ಜಿಗೆ ಬಂದು, ಮೊದಲೇ ಟೈಪು ಮಾಡಿಸಿ ತಂದಿದ್ದ ಒಂದು ಹೇಳಿಕೆಯನ್ನು ಮೇಜಿನ ಮೇಲಿಟ್ಟು ಸಹಿ ಹಾಕಲು ಹೇಳಿದರು. ನಾನು ಹಾಕಲಿಲ್ಲ. ಮುಂದೆಯೂ ಹಾಕುವುದಿಲ್ಲ. ಇದನ್ನು ನಿಮಗೊಬ್ಬರಿಗೇ ಬರೆದರೆ ಯಾವುದೋ ಕಡತದ ಹೊಟ್ಟೆ ಸೇರುತ್ತದೆಂದು ಗೊತ್ತಿರುವುದರಿಂದ ಪತ್ರಿಕೆಯಲ್ಲಿ, ಎಲ್ಲರೆದುರಿಗೇ ಬರೆಯುತ್ತಿದ್ದೇನೆ.

ಆ ಹೇಳಿಕೆಯಲ್ಲಿದ್ದದ್ದು ಇಷ್ಟು: 'ಸದರಿ ದಿನದಂದು ಬೆಟ್ಟ ಹತ್ತಲು ಬಂದಿದ್ದ ವಯೋವೃದ್ಧ ಪ್ರವಾಸಿಗರಿಗೂ ಅವರ ಮಗಳಿಗೂ, ಮೇಲಿನ ವಿಶ್ರಾಂತಿಗೃಹ ಮುಚ್ಚಿರುವ ಬಗ್ಗೆ ಹಾಗೂ ದಾರಿಯ ಕಷ್ಟದ ಬಗ್ಗೆ ನಾನು ಸ್ಪಷ್ಟವಾಗಿ ಎಚ್ಚರಿಕೆ ನೀಡಿದ್ದು, ಅವರು ಅದನ್ನು ಲೆಕ್ಕಿಸದೆ ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ತೆರಳಿರುತ್ತಾರೆ.' ಬಹಳ ಅಚ್ಚುಕಟ್ಟಾದ ವಾಕ್ಯ. ಬರೆದವರಿಗೆ ಬಡ್ತಿ ಕೊಡಬಹುದು. ಅದರಲ್ಲಿರುವ ದೋಷ ಒಂದೇ: ನಾನು ಅವರಿಗೆ ಏನನ್ನೂ ಹೇಳಲಿಲ್ಲ. ಹೇಳುವುದು ಹಾಗಿರಲಿ, ಅವರು ಹೊರಟಾಗ ನಾನು ಅವರ ಮುಖವನ್ನೇ ನೋಡಿರಲಿಲ್ಲ. ಯಾಕೆ ನೋಡಲಿಲ್ಲ ಎಂಬುದಕ್ಕೆ ಕಾರಣ ನಿಮ್ಮ ಕಚೇರಿಯಿಂದಲೇ ಬಂದ ಇನ್ನೊಂದು ಕಾಗದ. ದಿನಕ್ಕೆ ನೂರು ಕಾಗದ ಕಳಿಸುವ ನಿಮಗೆ ಅದು ಮರೆತಿರಬಹುದು, ನನಗೆ ಮರೆತಿಲ್ಲ.

ನನ್ನದು ಬೆಟ್ಟದ ಕಾಲುದಾರಿ ಶುರುವಾಗುವಲ್ಲಿರುವ ನಾಲ್ಕು ಕೋಣೆಯ ಲಾಡ್ಜು. ಮೊದಲು ಅಪ್ಪ ನಡೆಸುತ್ತಿದ್ದರು, ಇಪ್ಪತ್ತಾರು ವರ್ಷದಿಂದ ನಾನು ನಡೆಸುತ್ತಿದ್ದೇನೆ. ಎರಡು ಕೋಣೆಗೆ ಬೆಟ್ಟದ ಕಡೆ ಕಿಟಕಿ, ಎರಡಕ್ಕೆ ಬಸ್ಸು ನಿಲ್ಲುವ ಕಡೆ. ಮೂರನೆಯ ಕೋಣೆಯ ಬಿಸಿನೀರಿನ ನಲ್ಲಿ ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತದೆ. ಅದನ್ನು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲದ್ದನ್ನು ಇದೆಯೆಂದು ಹೇಳಿ ಜನರನ್ನು ಕರೆಸಿಕೊಳ್ಳುವ ವಿದ್ಯೆ ನಮ್ಮ ಮನೆಯಲ್ಲಿ ಯಾರಿಗೂ ಹತ್ತಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಅಪ್ಪ ತಮ್ಮ ಕೈಯಾರೆ ಒಂದು ಚಪ್ಪಲಿ ಸ್ಟ್ಯಾಂಡು ಹೊಡೆದಿದ್ದರು, ಮರದ್ದು, ಐದು ಸಾಲಿನದು. ಬೆಟ್ಟ ಹತ್ತುವವರು ಹಾಕಿಕೊಂಡು ಬಂದ ಚಪ್ಪಲಿಯನ್ನೋ ಶೂವನ್ನೋ ಅಲ್ಲಿ ಬಿಟ್ಟು, ಗಟ್ಟಿ ಬೂಟು ಕಟ್ಟಿಕೊಂಡು ಹೊರಡಬೇಕು. ಇಳಿದು ಬಂದ ಮೇಲೆ ತಮ್ಮದನ್ನು ಹಾಕಿಕೊಂಡು ಹೋಗಬೇಕು. ನಮ್ಮ ಲಾಡ್ಜಿನಲ್ಲಿ ಇಳಿದುಕೊಂಡವರೇ ಆಗಬೇಕೆಂದಿಲ್ಲ, ಆ ದಾರಿಗೆ ಬಂದ ಯಾರಾದರೂ ಸರಿ. ಸಂಜೆ ಐದಕ್ಕೆ ನಾನು ಎಣಿಸುತ್ತೇನೆ. ಒಂದು ಜೊತೆ ಉಳಿದಿದ್ದರೆ ಒಬ್ಬರು ಇನ್ನೂ ಮೇಲಿದ್ದಾರೆಂದು ಅರ್ಥ. ಆಗ ನನ್ನ ತಮ್ಮ ಟಾರ್ಚು, ಹಗ್ಗ, ಕಂಬಳಿ ಹಿಡಿದು ಹೊರಡುತ್ತಾನೆ. ಇದಕ್ಕೆ ಅರ್ಜಿ ಬೇಕಿಲ್ಲ, ಮೊಹರು ಬೇಕಿಲ್ಲ.

ಎಣಿಸುವುದು ಆ ಸ್ಟ್ಯಾಂಡಿನ ಅರ್ಧ ಉಪಯೋಗ ಮಾತ್ರ. ಇನ್ನರ್ಧ ನಿಮ್ಮ ಕಚೇರಿಯ ಮೂರನೆಯ ಮಹಡಿಯಿಂದ ಕಾಣುವಂಥದ್ದಲ್ಲ. ಬೂಟಿನ ಲೇಸು ಕಟ್ಟಲು ಮನುಷ್ಯನಿಗೆ ಐದು ನಿಮಿಷ ಬೇಕು. ಲೇಸು ಕಟ್ಟುತ್ತ ಕೂತವರು ಎದ್ದು ಓಡಿಹೋಗಲಾರರು. ಆ ಐದು ನಿಮಿಷದಲ್ಲಿ ನಾನು ನನ್ನ ಮಾತು ಹೇಳಿ ಮುಗಿಸುತ್ತಿದ್ದೆ. "ಮೇಲಿನ ವಿಶ್ರಾಂತಿಗೃಹಕ್ಕೆ ಆರು ವರ್ಷದಿಂದ ಬೀಗ, ಮಾಡು ಅರ್ಧ ಕುಸಿದಿದೆ, ಅದನ್ನ ನಂಬ್ಕೋಬೇಡಿ. ಹತ್ತೋಕೆ ನಾಲ್ಕೂವರೆ ಗಂಟೆ ಹಿಡಿಯುತ್ತೆ. ಒಂಬತ್ತರೊಳಗೆ ಹೊರಟಿಲ್ಲ ಅಂದ್ರೆ ಅರ್ಧದಾರಿಯ ದೊಡ್ಡ ಬಂಡೆ ಹತ್ರ ಊಟ ಮಾಡ್ಕೊಂಡು ವಾಪಸು ಬಂದ್ಬಿಡಿ. ಅಲ್ಲಿಂದಾನೂ ನೋಟ ಚೆನ್ನಾಗೇ ಇದೆ." ಕೆಲವರು ಗೊಣಗಿದ್ದೂ ಉಂಟು. "ಈಯಮ್ಮನ ಭಾಷಣ ಕೇಳದೆ ಬೆಟ್ಟ ಹತ್ತೋ ಹಾಗೇ ಇಲ್ಲ" ಎಂದು ಒಬ್ಬರು ನನಗೆ ಕೇಳಿಸುವ ಹಾಗೇ ಹೇಳಿದ್ದರು. ಹೇಳಲಿ. ಇಪ್ಪತ್ತಾರು ವರ್ಷದಲ್ಲಿ ಆ ಬೆಟ್ಟದ ಮೇಲೆ ಒಬ್ಬರೂ ಸತ್ತಿರಲಿಲ್ಲ.

ಆಮೇಲೆ ನಿಮ್ಮ ನೋಟೀಸು ಬಂತು. 'ಪ್ರವೇಶ ಪ್ರದೇಶದ ಸೌಂದರ್ಯೀಕರಣ' ಎಂಬ ತಲೆಬರಹ. ಸಾರ್ವಜನಿಕರು ಬಳಸಿದ ಪಾದರಕ್ಷೆಗಳ ಪ್ರದರ್ಶನವು ತಾಣದ ಘನತೆಗೆ ಕುಂದು ತರುತ್ತಿರುವುದರಿಂದ ಏಳು ದಿನದೊಳಗೆ ತೆರವುಗೊಳಿಸತಕ್ಕದ್ದು, ತಪ್ಪಿದಲ್ಲಿ ಪರವಾನಗಿ ರದ್ದುಪಡಿಸಲಾಗುವುದು. ಬೆಟ್ಟಕ್ಕೆ ಘನತೆ ಇದೆಯೆಂದು ನನಗೂ ಗೊತ್ತಿತ್ತು. ಆದರೆ ಅದು ನಾಲ್ಕು ಜೊತೆ ಚಪ್ಪಲಿಗೆ ಹೆದರಿಕೊಂಡು ಕೂತಿದೆಯೆಂದು ಗೊತ್ತಿರಲಿಲ್ಲ. ನಿಮ್ಮ ಕಚೇರಿಗೆ ಬಂದೆ. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೂ ಕಾಲು ಮುರಿದ ಕುರ್ಚಿಯ ಮೇಲೆ ಕೂರಿಸಿ, ಕೊನೆಗೆ ಒಬ್ಬರು ಕರೆದು ಹೇಳಿದರು: "ಈಗೆಲ್ಲ ಜನ ಮನೇಲೇ ಕೂತು ಪ್ಲಾನ್ ಮಾಡ್ಕೊಂಡು ಬರ್ತಾರಮ್ಮ. ನಮ್ಮ ಕೈಪಿಡೀಲಿ ಎಲ್ಲ ಇದೆ. ನೀವು ಚಪ್ಪಲಿ ಎಣಿಸ್ಕೊಂಡು ಕೂರೋ ಕಾಲ ಹೋಯ್ತು." ನಾನು ವಾಪಸು ಬಂದು ಸ್ಟ್ಯಾಂಡು ಕಿತ್ತೆ. ಆ ಜಾಗದಲ್ಲಿ ನೀವು ಒಂದು ದೊಡ್ಡ ಫಲಕ ನಿಲ್ಲಿಸಿದಿರಿ. ಅದರಲ್ಲಿ ಒಂದು ಜಲಪಾತ ಧುಮ್ಮಿಕ್ಕುತ್ತಿದೆ. ನಮ್ಮ ಬೆಟ್ಟದಲ್ಲಿ ಜಲಪಾತ ಇಲ್ಲ.

ಎಲ್ಲ ಇರುವ ಆ ಕೈಪಿಡಿಯ ವಿಷಯಕ್ಕೂ ಬರೋಣ. ಹದಿನೇಳನೆಯ ಪುಟ. 'ಸುಲಭ ಚಾರಣ. ಹತ್ತುವ ಅವಧಿ ಎರಡು ಗಂಟೆ. ಕುಟುಂಬ ಸಮೇತ ಹೋಗಲು ಸೂಕ್ತ. ತುದಿಯ ವಿಶ್ರಾಂತಿಗೃಹದಲ್ಲಿ ಎಂಟು ಹಾಸಿಗೆ ಹಾಗೂ ಅಡುಗೆ ಸೌಲಭ್ಯ.' ಈ ಎರಡು ಗಂಟೆ ಎಲ್ಲಿಂದ ಬಂತೆಂದು ನಿಮಗೆ ಗೊತ್ತೇ? ನನಗೆ ಗೊತ್ತು. ಅದು ಹುಟ್ಟಿದ್ದು ನನ್ನ ಬಾಗಿಲ ಮುಂದಿನ ಬೆಂಚಿನ ಮೇಲೆ. ಎರಡು ವರ್ಷದ ಹಿಂದೆ ನಿಮ್ಮ ಕಚೇರಿಯ ಮೂವರು ಸಮೀಕ್ಷೆಗೆ ಬಂದಿದ್ದರು. ಬೆಟ್ಟದ ಹಿಂಬದಿಯ ಮರದ ಲಾರಿಗಳ ರಸ್ತೆಯಲ್ಲಿ ಜೀಪು ಅವರನ್ನು ತುದಿಯವರೆಗೆ ಒಯ್ದು ಬಿಟ್ಟಿತು. ಅಲ್ಲಿಂದ ಅವರು ಕಾಲುದಾರಿ ಹಿಡಿದು ಇಳಿದು ಬಂದು, ನನ್ನ ಬೆಂಚಿನ ಮೇಲೆ ಕೂತು ಮಂಡಿ ತಿಕ್ಕಿಕೊಂಡರು. ನಾನೇ ಚಹಾ ಕೊಟ್ಟೆ.

"ಎಷ್ಟಾಯ್ತು?" ಎಂದರು ದೊಡ್ಡವರು.

"ಎರಡು ಗಂಟೆ ಐದು ನಿಮಿಷ ಸರ್."

"ಎರಡು ಅಂತ ಹಾಕು."

"ಹತ್ತೋದಕ್ಕೆ ಎಷ್ಟು ಅಂತ ಬರೀತೀರಿ?" ಎಂದು ನಾನು ಕೇಳಿದೆ.

"ದಾರಿ ಅದೇ ಅಲ್ವೇನಮ್ಮ? ಉದ್ದ ಏನು ಬದಲಾಗುತ್ತಾ?"

ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಅವರೂ ನಕ್ಕರು. ಹತ್ತುವುದಕ್ಕೂ ಇಳಿಯುವುದಕ್ಕೂ ವ್ಯತ್ಯಾಸ ತಿಳಿಯಬೇಕಾದರೆ ಒಮ್ಮೆಯಾದರೂ ಹತ್ತಿರಬೇಕು, ಅಲ್ಲವೇ? ಇನ್ನು ಆ ಎಂಟು ಹಾಸಿಗೆ. ಬೀಗ ಹಾಕಿದ ಬಾಗಿಲ ಮುಂದೆಯೇ ಜೀಪಿನಿಂದ ಇಳಿದ ಮೂವರಿಗೆ ಕುಸಿದ ಮಾಡು ಕಾಣಿಸಲಿಲ್ಲ. ಹಳೆಯ ಕಡತದೊಳಗಿನ ಹಾಸಿಗೆಗಳು ಮಾತ್ರ ಸ್ಪಷ್ಟವಾಗಿ ಕಂಡವು.

ಈಗ ನೀವು 'ವಯೋವೃದ್ಧ ಪ್ರವಾಸಿಗರು' ಎಂದು ಬರೆದವರ ವಿಷಯ. ಅವರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಅಂಗಡಿಯಲ್ಲಿ ನಲವತ್ತು ವರ್ಷ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರಂತೆ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕರೆದುಕೊಂಡು ಈ ಬೆಟ್ಟಕ್ಕೆ ಬಂದಿದ್ದರು. ಆಕೆ ತೀರಿಕೊಂಡ ಮೇಲೆ ಇನ್ನೊಮ್ಮೆ ಮೇಲಿನಿಂದ ಸೂರ್ಯೋದಯ ನೋಡಬೇಕೆಂಬ ಆಸೆ. ಮಗಳು ಮೂರು ತಿಂಗಳು ಕೂತು ಪ್ಲಾನ್ ಮಾಡಿದಳು, ನಿಮ್ಮ ಕೈಪಿಡಿಯನ್ನು ಮುಂದಿಟ್ಟುಕೊಂಡು. ಹನ್ನೊಂದೂ ಇಪ್ಪತ್ತಕ್ಕೆ ಬಸ್ಸು, ಹನ್ನೊಂದೂವರೆಗೆ ಹೊರಡುವುದು, ಒಂದೂವರೆಗೆ ತುದಿ, ಊಟ, ವಿಶ್ರಾಂತಿ, ಮರುದಿನ ಬೆಳಗಿನ ಆರಕ್ಕೆ ಸೂರ್ಯೋದಯ. ಆ ಚೀಟಿಯನ್ನು ನಾನು ನೋಡಿದ್ದೇನೆ. ಅವಳ ಅಪ್ಪ ಅದಕ್ಕೆ ಪೆನ್ಸಿಲಿನಲ್ಲಿ ಒಂದೇ ತಿದ್ದುಪಡಿ ಮಾಡಿದ್ದರು, 'ದಾರಿಯಲ್ಲಿ ಚಹಾ, ಹದಿನೈದು ನಿಮಿಷ'.

ಬಸ್ಸಿಳಿದು ಬಂದು ನನ್ನ ಬೆಂಚಿನ ಮೇಲೆ ಕೂತು ಬೂಟು ಕಟ್ಟಿಕೊಂಡಿದ್ದಾರೆ. ನಾನು ಹಿತ್ತಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದೆ. ಸ್ಟ್ಯಾಂಡು ಇದ್ದಾಗ ಅದರ ಹಲಗೆ ಕಿರ್ ಅಂದರೆ ಸಾಕು, ಕೈ ಒರೆಸಿಕೊಂಡು ಮುಂದಕ್ಕೆ ಬರುತ್ತಿದ್ದೆ. ಅಂದು ಏನೂ ಕೇಳಿಸಲಿಲ್ಲ. ಬೆಂಚಿನ ಹತ್ತಿರ ಆದ ಮಾತನ್ನು ಮಗಳೇ ಆಮೇಲೆ ನನಗೆ ಹೇಳಿದಳು.

"ಇಲ್ಲಿ ಚಪ್ಪಲಿ ಬಿಟ್ಟು ಹೋಗ್ಬೇಕಮ್ಮ. ಸಾಯಂಕಾಲ ಎಣಿಸ್ತಾರೆ" ಎಂದರಂತೆ ಅಪ್ಪ.

"ಅದೆಲ್ಲ ಈಗಿಲ್ಲ ಅಪ್ಪ. ಸ್ಟ್ಯಾಂಡೇ ಇಲ್ಲ ನೋಡು."

"ಸ್ಟ್ಯಾಂಡ್ ಇಲ್ದಿದ್ರೇನು, ಎಣಿಸೋರು ಇರ್ತಾರೆ."

ಹಾಗೆಂದು ತಮ್ಮದೊಂದು ಜೊತೆ, ಮಗಳದೊಂದು ಜೊತೆ, ಬೆಂಚಿನ ಕೆಳಗೆ ಒತ್ತಾಗಿ ಇಟ್ಟು ಹೋಗಿದ್ದಾರೆ.

ಮಾನ್ಯರೇ, ಎಣಿಸುವವರು ಇರಲಿಲ್ಲ. ಸ್ಟ್ಯಾಂಡು ಕಿತ್ತ ದಿನದಿಂದ ನಾನು ಎಣಿಸುವುದನ್ನೂ ಬಿಟ್ಟಿದ್ದೆ. ಬಿಡಲು ನಿಮ್ಮ ನೋಟೀಸಿನಲ್ಲಿ ಹೇಳಿರಲಿಲ್ಲ. ಬರೀ ಹಠಕ್ಕೆ ಬಿಟ್ಟೆ. ನನ್ನ ಕೆಲಸ ಬೇಡವಾದರೆ ಅವರೇ ನೋಡಿಕೊಳ್ಳಲಿ ಎಂದು ಮುಖ ಊದಿಸಿಕೊಂಡು ಕೂತಿದ್ದೆ. ಅಂದು ನಲವತ್ತೊಂದನೆಯ ದಿನ. ಐದು ಗಂಟೆಗೆ ನಾನು ಆ ಬೆಂಚಿನ ಮೇಲೇ ಕೂತಿದ್ದೆ. ಬಗ್ಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಆರೂಕಾಲಕ್ಕೆ ಗುಡಿಸುವಾಗ ಪೊರಕೆಗೆ ತಾಗಿದವು. ಕಂದು ಬಣ್ಣದ ಚರ್ಮದ ಶೂ, ಒಳಗೆ ಮಡಿಸಿಟ್ಟ ಕಾಲುಚೀಲ. ಪಕ್ಕದಲ್ಲಿ ಹೆಂಗಸರ ನೀಲಿ ಚಪ್ಪಲಿ. ತಮ್ಮನನ್ನು ಕೂಗಿದೆ. ರಾತ್ರಿ ಇಲ್ಲೇ ತಂಗಿದ್ದ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರೂ ಬಸ್ಸನ್ನು ಅಲ್ಲೇ ಬಿಟ್ಟು ಅವನ ಜೊತೆ ಹೊರಟರು. ಹತ್ತಕ್ಕೆ ಕಾಲು ಗಂಟೆ ಇರುವಾಗ ಸಿಕ್ಕಿದರಂತೆ, ವಿಶ್ರಾಂತಿಗೃಹಕ್ಕಿಂತ ಸ್ವಲ್ಪ ಕೆಳಗೆ. ಹಿಂದಿನ ದಿನ ಅವರು ತುದಿ ಮುಟ್ಟುವಾಗಲೇ ಸಂಜೆಯ ಐದಾಗಿತ್ತು. ಬಾಗಿಲಿಗೆ ಬೀಗ. ಫೋನು ಅಲ್ಲಿ ಹಿಡಿಯುವುದಿಲ್ಲ. ಬೆಳಕಿರುವಷ್ಟು ಇಳಿಯೋಣವೆಂದು ಹೊರಟಾಗ ಅಪ್ಪ ಕಲ್ಲಿನ ಮೆಟ್ಟಿಲಲ್ಲಿ ಜಾರಿದ್ದಾರೆ, ಸೊಂಟ ಮುರಿದಿದೆ. ಮಗಳು ತನ್ನ ಕೋಟನ್ನು ಅವರಿಗೆ ಹೊದಿಸಿ, ಗಂಟಲು ಕಟ್ಟುವವರೆಗೂ ಕೂಗಿ, ಆ ಚಳಿಯಲ್ಲಿ ತಬ್ಬಿಕೊಂಡು ಕೂತಿದ್ದಾಳೆ. ಐದಕ್ಕೆ ನಾನು ಎಣಿಸಿದ್ದರೆ ತಮ್ಮ ರಾತ್ರಿ ಒಂಬತ್ತಕ್ಕೇ ಮುಟ್ಟುತ್ತಿದ್ದ. ಸ್ಟ್ಯಾಂಡು ಇದ್ದಿದ್ದರೆ ಅವರು ದೊಡ್ಡ ಬಂಡೆಯ ಹತ್ತಿರ ಊಟ ಮಾಡಿ, ನನ್ನನ್ನು ಬೈದುಕೊಂಡು, ಇಳಿದು ಬರುತ್ತಿದ್ದರು.

ಕಂಬಳಿಯಲ್ಲಿ ಹೊತ್ತು ತರುವಾಗ ಅವರು ತಮ್ಮನನ್ನು "ಗಂಟೆ ಎಷ್ಟಪ್ಪ?" ಎಂದು ಕೇಳಿದರು. "ಹನ್ನೊಂದೂ ಹತ್ತು" ಎಂದ. ಕಷ್ಟಪಟ್ಟು ಕೈಯೆತ್ತಿ ತಮ್ಮ ಗಡಿಯಾರ ನೋಡಿಕೊಂಡು "ಸರಿಯಾಗಿದೆ" ಎಂದರು. ದೊಡ್ಡ ಬಂಡೆ ದಾಟುವ ಮೊದಲೇ ಜೀವ ಹೋಯಿತು.

ಇಷ್ಟಾದ ಮೇಲೆ ನಿಮ್ಮ ಗುಮಾಸ್ತರು ಬಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕೊಟ್ಟ ಚಹಾವನ್ನೂ ಮುಟ್ಟದೆ ತಲೆ ತಗ್ಗಿಸಿ ಕೂತಿದ್ದರು.

"ಒಂದು ಸಹಿ ಅಷ್ಟೇ ಅಕ್ಕ."

"ನಾನು ಅವರಿಗೆ ಹೇಳೇ ಇಲ್ವಲ್ಲಪ್ಪ."

"ಹೇಳಿದ್ದೀರಿ ಅಂತ ಬರೆದಾಗಿದೆಯಲ್ಲ. ನಿಮ್ಮ ಪರವಾನಗಿ ನವೀಕರಣಾನೂ ಇದೇ ತಿಂಗಳು ಬರುತ್ತೆ... ಸಾಹೇಬರು ನೆನಪಿಸು ಅಂದ್ರು."

ನೆನಪಿಸಿದ್ದಕ್ಕೆ ಧನ್ಯವಾದಗಳು. ನಾನೂ ನಿಮಗೆ ಒಂದು ವಿಷಯ ನೆನಪಿಸುತ್ತೇನೆ. ಆ ಹೇಳಿಕೆಯ ಪ್ರತಿ ಹೋಗುವುದು ಮಗಳ ಮನೆಗೆ. ಅಪ್ಪನ ಶೂ ತೆಗೆದುಕೊಂಡು ಹೋಗಲು ಬಂದಿದ್ದ ಆ ಹುಡುಗಿ ನನ್ನ ಬೆಂಚಿನ ಮೇಲೆ ಕೂತು ಕೇಳಿದ್ದು ಒಂದೇ ಪ್ರಶ್ನೆ: "ನಾನು ಪುಸ್ತಕ ಸರಿಯಾಗಿ ಓದಲಿಲ್ವಾ ಅಕ್ಕ?" ಸರಿಯಾಗಿ ಓದಿದ್ದಳು. ಒಂದಕ್ಷರ ಬಿಡದೆ ಓದಿದ್ದಳು. ನನ್ನ ಸಹಿ ಬಿದ್ದರೆ, ಎಚ್ಚರಿಕೆ ಕೊಟ್ಟರೂ ಕೇಳದೆ ಅಪ್ಪನನ್ನು ಕರೆದೊಯ್ದು ಕೊಂದವಳೆಂದು ಅವಳು ಬದುಕಿರುವಷ್ಟು ದಿನ ತನ್ನನ್ನೇ ತಿಂದುಕೊಳ್ಳುತ್ತಾಳೆ. ನೀವು ಕೈ ತೊಳೆದುಕೊಳ್ಳುವುದಕ್ಕೆ ಅವಳ ಬದುಕೇ ಬೇಕಾಯಿತೇ? ಸತ್ತವರು ಬಾಯಿ ಬಿಡುವುದಿಲ್ಲವೆಂಬ ಧೈರ್ಯವೇ? ನಾಚಿಕೆಯಾಗಬೇಕು ನಿಮಗೆ. ಕಚೇರಿಯ ಭಾಷೆಯಲ್ಲಿ ಇದನ್ನು ಹೇಗೆ ಬರೆಯುತ್ತಾರೋ ನನಗೆ ತಿಳಿಯದು, ಹಾಗಾಗಿ ನೇರವಾಗಿಯೇ ಬರೆದಿದ್ದೇನೆ.

ನಿಮ್ಮ ಹೇಳಿಕೆಯ ಬದಲು ನನ್ನದೇ ಒಂದು ಹೇಳಿಕೆ ಬರೆದು, ಸಹಿ ಹಾಕಿ, ಒಂದು ಪ್ರತಿ ನಿಮಗೂ ಒಂದು ಪ್ರತಿ ಮಗಳಿಗೂ ಕಳಿಸಿದ್ದೇನೆ. ಎಚ್ಚರಿಕೆ ಕೊಡಲಿಲ್ಲ, ಎಣಿಸಲಿಲ್ಲ, ಬಗ್ಗಿ ನೋಡಲಿಲ್ಲ ಎಂದು ಅದರಲ್ಲಿದೆ. ನನ್ನ ಪಾಲಿನ ತಪ್ಪು ಅದು. ನಿಮ್ಮ ಪಾಲಿನದನ್ನು ನೀವು ಬರೆಯಿರಿ. ಆ ಸುಳ್ಳು ಹೇಳಿಕೆಯನ್ನು ಹಿಂದಕ್ಕೆ ಪಡೆಯಿರಿ, ಹದಿನೇಳನೆಯ ಪುಟವನ್ನು ಹರಿದು ಹೊಸದಾಗಿ ಅಚ್ಚು ಹಾಕಿಸಿ, ಎರಡು ಗಂಟೆ ಎಂದು ಬರೆದದ್ದು ನಾವೇ ಎಂದು ನಿಮ್ಮ ಕೈಬರಹದಲ್ಲಿ ಆ ಹುಡುಗಿಗೆ ಒಂದು ಕಾಗದ ಹಾಕಿ.

ಸ್ಟ್ಯಾಂಡನ್ನು ನಿನ್ನೆ ಮತ್ತೆ ಗೋಡೆಗೆ ಹೊಡೆದಿದ್ದೇನೆ. ಪರವಾನಗಿ ರದ್ದು ಮಾಡುವುದಾದರೆ ಮಾಡಿ, ಕಾಗದ ಕಳಿಸಬೇಡಿ, ನೀವೇ ಬನ್ನಿ. ಜೀಪು ಬೇಡ. ಬೆಳಿಗ್ಗೆ ಎಂಟಕ್ಕೆ ಒಂದು ಬಸ್ಸಿದೆ. ನಿಮ್ಮ ಶೂಗಳನ್ನು ಮೂರನೆಯ ಸಾಲಿನಲ್ಲಿಟ್ಟು, ಲೇಸು ಕಟ್ಟುವಷ್ಟು ಹೊತ್ತು ನನ್ನ ಭಾಷಣ ಕೇಳಿ, ಆಮೇಲೆ ಹತ್ತಿ. ಐದಕ್ಕೆ ನಾನು ಎಣಿಸುತ್ತೇನೆ. ನಿಮ್ಮ ಶೂಗಳು ಅಲ್ಲೇ ಉಳಿದಿದ್ದರೆ ನನ್ನ ತಮ್ಮ ಅದೇ ಕಂಬಳಿ ಹಿಡಿದು ನಿಮ್ಮನ್ನು ಹುಡುಕಿಕೊಂಡು ಬರುತ್ತಾನೆ. ನಿಮ್ಮಿಂದ ಯಾವ ಹೇಳಿಕೆಗೂ ಸಹಿ ಕೇಳುವುದಿಲ್ಲ.

ಇಂತಿ,
ನಲವತ್ತೊಂದು ದಿನ ಚಪ್ಪಲಿ ಎಣಿಸದೆ ಕೂತಿದ್ದ
ಬೆಟ್ಟದ ಬುಡದ ಲಾಡ್ಜಿನವಳು